ಲೆಕ್ಕ ಹಾಕಿ ಮಾಡಿದ ಅಯಸ್ಕಾಂತ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ನೀಲಿ ಪರಿಚಿತ. ಫೆರಿಕ್ ಲವಣದ ದ್ರಾವಣಕ್ಕೆ ನಾಲ್ಕು ಹನಿ ಪೊಟ್ಯಾಷಿಯಂ ಫೆರೋಸಯನೈಡ್ ಬಿಟ್ಟರೆ ಸಾಕು, ನಳಿಕೆಯ ತುಂಬ ಕಡುನೀಲಿ ಪ್ರಕ್ಷೇಪ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ‘ಕಬ್ಬಿಣ ಖಚಿತ’ ಎಂದು ಬರೆದು, ನಳಿಕೆ ತೊಳೆದು ಮುಂದಿನ ಲವಣಕ್ಕೆ ಹೋಗುವುದು ವಾಡಿಕೆ. ಸಿಂಕಿಗೆ ಸುರಿದ ಆ ಪುಡಿ ಒಂದು ಅಯಸ್ಕಾಂತವೂ ಹೌದೆಂದು ತರಗತಿಯಲ್ಲಿ ಹೇಳುವವರು ಕಡಿಮೆ. ಹೇಳಿದರೂ ತೋರಿಸುವುದು ಸುಲಭವಿಲ್ಲ. ಅದರ ಕಾಂತಗುಣ ಹೊರಬರಬೇಕಾದರೆ 5.6 ಕೆಲ್ವಿನ್‌ಗಿಂತ, ಅಂದರೆ ಸುಮಾರು ಮೈನಸ್ 267 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗೆ ತಣಿಸಬೇಕು.

ಇಷ್ಟು ಬಡಪಾಯಿ ಕಾಂತದ ಮೇಲೆ ಒಂದು ಅಂಕಣ ಏಕೆ? ಕಬ್ಬಿಣ, ಕೋಬಾಲ್ಟ್, ನಿಕಲ್, ಮ್ಯಾಗ್ನಟೈಟ್ ಕಲ್ಲು ಇವೆಲ್ಲ ಮನುಷ್ಯನ ಕೈಗೆ ಸಿಕ್ಕ ಅಯಸ್ಕಾಂತಗಳು. ವಸ್ತು ಮೊದಲು ಸಿಕ್ಕಿತು, ಅದು ಯಾಕೆ ಸೆಳೆಯುತ್ತದೆ ಎಂಬ ವಿವರಣೆ ಬಹುಕಾಲದ ಮೇಲೆ ಬಂತು. ಈ ನೀಲಿಯ ಬಳಗದಲ್ಲಿ ಮಾತ್ರ ಕ್ರಮ ತಿರುಗಿತು. ಯಾವ ಎರಡು ಲೋಹಗಳನ್ನು ಜೋಡಿಸಿದರೆ ಎಂಥ ಕಾಂತ ಬರುತ್ತದೆ, ಎಷ್ಟು ಬಿಸಿಯವರೆಗೆ ಅದು ತಾಳುತ್ತದೆ ಎಂದು ರಸಾಯನ ವಿಜ್ಞಾನಿಗಳು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದರು, ಆಮೇಲೆ ಬೀಕರ್ ಹಿಡಿದರು. ಮೈನಸ್ 267 ಡಿಗ್ರಿಯಲ್ಲಿದ್ದ ಗಡಿ ಹಾಗೆ ಕುದಿಯುವ ನೀರಿನ ಬಿಸಿಯನ್ನೂ ದಾಟಿತು.

ಮೊದಲು ವಸ್ತುವಿನ ಪರಿಚಯ. 1706ರ ಆಸುಪಾಸಿನಲ್ಲಿ ಬರ್ಲಿನ್‌ನಲ್ಲಿ ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೆಂಪು ಬಣ್ಣ ಮಾಡಲು ಹೊರಟಿದ್ದ; ಪ್ರಾಣಿಜನ್ಯ ಎಣ್ಣೆ ಸೇರಿ ಕೆಟ್ಟಿದ್ದ ಪೊಟ್ಯಾಷ್ ಬಳಸಿದ್ದರಿಂದ ಕೆಂಪಿನ ಬದಲು ನೀಲಿ ಬಂತು ಎಂಬುದು ಪ್ರಚಲಿತ ಕಥೆ. ಪ್ರಶ್ಯನ್ ನೀಲಿ ಎಂಬ ಹೆಸರಿನಲ್ಲಿ ಅದು ಯುರೋಪಿನ ಚಿತ್ರಕಾರರ ಪೆಟ್ಟಿಗೆ ಸೇರಿತು, ಜಪಾನಿನಲ್ಲಿ ಹೊಕುಸಾಯ್ ಎಂಬ ಕಲಾವಿದನ ಅಲೆಯ ಚಿತ್ರಕ್ಕೂ ಬಣ್ಣ ಕೊಟ್ಟಿತು. 1842ರಲ್ಲಿ ಜಾನ್ ಹರ್ಷೆಲ್ ಇದೇ ನೀಲಿಯಿಂದ ಸಯನೋಟೈಪ್ ಎಂಬ ಛಾಯಾಚಿತ್ರ ವಿಧಾನ ಕಂಡುಹಿಡಿದ. ಎಂಜಿನಿಯರುಗಳ ಬ್ಲೂಪ್ರಿಂಟ್ ಹುಟ್ಟಿದ್ದು ಅದರಿಂದ. ಇಷ್ಟೆಲ್ಲ ಬಳಕೆಯಲ್ಲಿದ್ದರೂ ಅದರ ಒಳಗಿನ ರಚನೆ ಇಪ್ಪತ್ತನೇ ಶತಮಾನದವರೆಗೆ ಯಾರಿಗೂ ತಿಳಿದಿರಲಿಲ್ಲ. ದ್ರಾವಣಗಳು ಬೆರೆತ ಕ್ಷಣವೇ ಅದು ಅತಿ ಸಣ್ಣ ಕಣಗಳಾಗಿ ಉದುರಿಬಿಡುತ್ತದೆ. ಎಕ್ಸ್-ರೇ ಅಧ್ಯಯನಕ್ಕೆ ಬೇಕಾದಷ್ಟು ದೊಡ್ಡ ಹರಳು ಬೆಳೆಯಲು ಅವಕಾಶವೇ ಕೊಡುವುದಿಲ್ಲ. 1936ರಲ್ಲಿ ಕೆಗ್ಗಿನ್ ಮತ್ತು ಮೈಲ್ಸ್ ಪುಡಿಯ ಎಕ್ಸ್-ರೇ ಚಿತ್ರಗಳಿಂದ ಒಂದು ಮಾದರಿ ಕಟ್ಟಿದರು. ಒಂಟಿ ಹರಳು ಬೆಳೆಸಿ ಪರಮಾಣುಗಳ ಜಾಗ ಗುರುತಿಸಿದ ಕೀರ್ತಿ ಸ್ವಿಟ್ಜರ್ಲೆಂಡಿನ ಲೂಡಿ ಮತ್ತು ಸಂಗಡಿಗರದು. ಅವರ ಪ್ರಬಂಧ ಬಂದದ್ದು 1977ರಲ್ಲಿ, ಬಣ್ಣ ಹುಟ್ಟಿ ಸುಮಾರು 270 ವರ್ಷಗಳ ಮೇಲೆ.

ಅವರಿಗೆ ಕಂಡ ರಚನೆ ಇದು. ಸಯನೈಡ್ ಎಂದರೆ ಒಂದು ಇಂಗಾಲ, ಒಂದು ಸಾರಜನಕ, ನಡುವೆ ಮೂರು ಬಂಧ. ಗಟ್ಟಿಯಾದ, ಬಾಗದ, ಎರಡೂ ತುದಿಯಲ್ಲಿ ಲೋಹವನ್ನು ಹಿಡಿಯಬಲ್ಲ ಪುಟ್ಟ ಕಡ್ಡಿ. ಇಂಗಾಲದ ತುದಿ ಹಿಡಿದದ್ದು ಫೆರಸ್ ಕಬ್ಬಿಣವನ್ನು, ಸಾರಜನಕದ ತುದಿ ಹಿಡಿದದ್ದು ಫೆರಿಕ್ ಕಬ್ಬಿಣವನ್ನು. ಪ್ರತಿ ಲೋಹದ ಸುತ್ತ ಆರು ಕಡ್ಡಿಗಳು: ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೆ. ಲೋಹ, ಇಂಗಾಲ, ಸಾರಜನಕ, ಲೋಹ ಎಂಬ ಸಾಲು ಮೂರು ದಿಕ್ಕಿನಲ್ಲೂ ನೇರ ಗೆರೆಯಲ್ಲಿ ಮುಂದುವರಿಯುತ್ತದೆ. ಒಂದು ಕಬ್ಬಿಣದಿಂದ ಪಕ್ಕದ ಕಬ್ಬಿಣಕ್ಕೆ ಸುಮಾರು 5.1 ಆಂಗ್‌ಸ್ಟ್ರಾಮ್, ಅಂದರೆ ಮಿಲಿಮೀಟರಿನ ಇಪ್ಪತ್ತು ಲಕ್ಷದಲ್ಲಿ ಒಂದು ಭಾಗ. ಹೀಗೆ ಹೆಣೆದ ಜಾಲರಿಯಲ್ಲಿ ಸಾಲುಸಾಲಾಗಿ ಪುಟ್ಟ ಘನಾಕಾರದ ಪೊಳ್ಳುಗಳು ಉಳಿಯುತ್ತವೆ.

ಆದರೆ ಜಾಲರಿ ಪೂರ್ಣವಲ್ಲ. ಫೆರಿಕ್ ಕಬ್ಬಿಣಕ್ಕೆ ಮೂರು ಧನ ಆವೇಶ. ಆರು ಸಯನೈಡ್ ಹೊತ್ತ ಫೆರಸ್ ಕಬ್ಬಿಣದ ಗುಂಪಿಗೆ ನಾಲ್ಕು ಋಣ ಆವೇಶ. ಲೆಕ್ಕ ಸರಿದೂಗಲು ನಾಲ್ಕು ಫೆರಿಕ್‌ಗೆ ಮೂರೇ ಗುಂಪು ಬೇಕು. ಹಾಗಾಗಿ ಆ ಗುಂಪುಗಳು ಕೂರಬೇಕಾದ ಪ್ರತಿ ನಾಲ್ಕು ಜಾಗಗಳಲ್ಲಿ ಒಂದು ಖಾಲಿ. ಖಾಲಿ ಜಾಗದ ಅಂಚಿನಲ್ಲಿ ಸಾರಜನಕ ಸಿಗದೆ ಉಳಿದ ಫೆರಿಕ್ ಕಬ್ಬಿಣ ನೀರಿನ ಅಣುವನ್ನು ಹಿಡಿದು ಆ ಕೊರತೆ ತುಂಬಿಕೊಳ್ಳುತ್ತದೆ. ಕೆಗ್ಗಿನ್ ಮಾದರಿಯಲ್ಲಿ ಕಾಣದಿದ್ದ ಈ ಖಾಲಿ ಜಾಗಗಳು ಮುಂದೆ ಬಹಳ ಕೆಲಸಕ್ಕೆ ಬರಲಿವೆ.

ಬಣ್ಣದ ಗುಟ್ಟು ಇರುವುದೂ ಈ ಸೇತುವೆಯಲ್ಲೇ. ಕೆಂಪು ಬೆಳಕು ತಾಗಿದಾಗ ಫೆರಸ್ ಕಬ್ಬಿಣದ ಒಂದು ಎಲೆಕ್ಟ್ರಾನ್ ಸಯನೈಡ್ ದಾಟಿ ಆಚೆಯ ಫೆರಿಕ್ ಕಬ್ಬಿಣಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕೆ ಕೆಂಪು ಬೆಳಕು ಖರ್ಚಾಗಿ, ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ. ಎಲೆಕ್ಟ್ರಾನ್ ದಾಟಬಲ್ಲ ಸೇತುವೆಯ ಮೇಲೆ ಕಾಂತೀಯ ಪ್ರಭಾವವೂ ದಾಟಬಲ್ಲದು.

ಎಲೆಕ್ಟ್ರಾನ್‌ಗೆ ಸ್ಪಿನ್ ಎಂಬ ಗುಣವಿದೆ. ಅದರಿಂದಾಗಿ ಪ್ರತಿ ಎಲೆಕ್ಟ್ರಾನ್ ತಾನೇ ಒಂದು ಅತಿ ಸಣ್ಣ ಕಾಂತ. ಜೋಡಿಯಾಗಿರುವ ಎಲೆಕ್ಟ್ರಾನ್‌ಗಳು ಒಂದರ ಪ್ರಭಾವವನ್ನು ಇನ್ನೊಂದು ಅಳಿಸುತ್ತವೆ. ಒಂಟಿಯಾಗಿ ಉಳಿದವು ಮಾತ್ರ ಲೆಕ್ಕಕ್ಕೆ. ಒಂಟಿ ಎಲೆಕ್ಟ್ರಾನ್‌ಗಳಿದ್ದ ಮಾತ್ರಕ್ಕೆ ವಸ್ತು ಅಯಸ್ಕಾಂತವಾಗುವುದಿಲ್ಲ. ಕೋಟಿ ಕೋಟಿ ಪರಮಾಣುಗಳ ಸ್ಪಿನ್‌ಗಳು ಒಂದು ಕ್ರಮಕ್ಕೆ ಬರಬೇಕು, ಬಿಸಿಯ ಅಲುಗಾಟ ಆ ಕ್ರಮವನ್ನು ಕೆಡಿಸಬಾರದು. ಯಾವ ತಾಪದಲ್ಲಿ ಕ್ರಮ ಮುರಿಯುತ್ತದೋ ಅದು ಕ್ಯೂರಿ ತಾಪ. ಕಬ್ಬಿಣಕ್ಕೆ ಅದು 770 ಡಿಗ್ರಿ ಸೆಲ್ಸಿಯಸ್. ನೆರೆಹೊರೆಯ ಸ್ಪಿನ್‌ಗಳ ನಂಟು ಎಷ್ಟು ಬಿಗಿ, ಅಂಥ ನೆರೆಯವರು ಎಷ್ಟು ಮಂದಿ ಎಂಬ ಎರಡು ಸಂಗತಿಗಳೇ ಈ ತಾಪವನ್ನು ಮುಖ್ಯವಾಗಿ ನಿರ್ಧರಿಸುತ್ತವೆ.

ಪ್ರಶ್ಯನ್ ನೀಲಿ ಸೋಲುವುದು ಇಲ್ಲಿ. ಅದರ ಫೆರಿಕ್ ಕಬ್ಬಿಣದಲ್ಲಿ ಐದು ಒಂಟಿ ಎಲೆಕ್ಟ್ರಾನ್‌ಗಳಿವೆ, ಫೆರಸ್ ಕಬ್ಬಿಣದಲ್ಲಿ ಒಂದೂ ಇಲ್ಲ. ಅಂದರೆ ಜಾಲರಿಯಲ್ಲಿ ಒಂದು ಬಿಟ್ಟು ಒಂದು ಲೋಹ ಕಾಂತೀಯವಾಗಿ ಮೌನಿ. ಎರಡು ಫೆರಿಕ್‌ಗಳ ನಡುವೆ ಹತ್ತು ಆಂಗ್‌ಸ್ಟ್ರಾಮ್ ಅಂತರ, ಎರಡು ಸಯನೈಡ್, ಜೊತೆಗೆ ಆ ಮೌನಿ ಕಬ್ಬಿಣ. ಫೆರಸ್ ಕಬ್ಬಿಣದ ಎಲೆಕ್ಟ್ರಾನ್‌ಗಳು ಎರಡೂ ಬದಿಯ ಫೆರಿಕ್ ಕಡೆಗೆ ಕೊಂಚ ಚೆಲ್ಲಿಕೊಂಡಿರುವುದರಿಂದ ಅಷ್ಟು ದೂರದಲ್ಲೂ ಸ್ಪಿನ್‌ಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ನಂಟು ಮಾತ್ರ ತೀರ ಸಡಿಲ; 5.6 ಕೆಲ್ವಿನ್ ಬಿಸಿಯೂ ಅದನ್ನು ಮುರಿಯಲು ಸಾಕು.

ಪರಿಹಾರ ಹೇಳಲು ಸುಲಭ: ಮೌನಿ ಕಬ್ಬಿಣವನ್ನು ತೆಗೆದು, ಒಂಟಿ ಎಲೆಕ್ಟ್ರಾನ್ ಇರುವ ಲೋಹವನ್ನು ಅಲ್ಲಿ ಕೂರಿಸುವುದು. ಸಯನೈಡ್ ಜಾಲರಿಯ ಗುಣವೆಂದರೆ ಲೋಹ ಬದಲಾದರೂ ಕಟ್ಟಡ ಬದಲಾಗುವುದಿಲ್ಲ. ಕ್ರೋಮಿಯಂ, ಮ್ಯಾಂಗನೀಸ್, ನಿಕಲ್, ಕೋಬಾಲ್ಟ್, ವೆನೇಡಿಯಂ ಯಾವುದನ್ನು ಹಾಕಿದರೂ ಅದೇ ಆರು ದಿಕ್ಕು, ಅದೇ ನೇರ ಗೆರೆ. ಇಂಥ ಬೇರೆ ಲೋಹಗಳ ಸಯನೈಡ್‌ಗಳಲ್ಲಿ ಕಾಂತಗುಣ ಇದೆಯೆಂದು 1956ರಲ್ಲೇ ಅಮೆರಿಕದಲ್ಲಿ ಬೊಜೋರ್ತ್ ಮತ್ತಿತರರು ತೋರಿಸಿದ್ದರು. 1980ರ ದಶಕದಲ್ಲಿ ಜರ್ಮನಿಯ ಬಾಬೆಲ್ ಸೀಸಿಯಂ, ಮ್ಯಾಂಗನೀಸ್, ಕ್ರೋಮಿಯಂ ಸೇರಿಸಿ ಮಾಡಿದ ಸಂಯುಕ್ತ 90 ಕೆಲ್ವಿನ್‌ವರೆಗೆ ಬಂದಿತ್ತು. ಇನ್ನೂ ಮೇಲಕ್ಕೆ ಹೋಗಲು ಯಾವ ಲೋಹ ಆರಿಸಬೇಕು ಎಂಬ ಪ್ರಶ್ನೆಗೆ ನಿಯಮ ಕಟ್ಟಿದವರು ಪ್ಯಾರಿಸ್ಸಿನ ಮಿಶೆಲ್ ವೆರ್ದಗೇರ್ ಮತ್ತು ಅವರ ತಂಡ. ಕೆಲಸ ನಡೆದದ್ದು ಪಿಯರ್ ಮತ್ತು ಮೇರಿ ಕ್ಯೂರಿ ಹೆಸರಿನ ವಿಶ್ವವಿದ್ಯಾಲಯದಲ್ಲಿ. ತಾಪಕ್ಕೂ ಕಾಂತಗುಣಕ್ಕೂ ಇರುವ ನಂಟನ್ನು 1895ರಲ್ಲಿ ವಿವರಿಸಿದ್ದು ಅದೇ ಪಿಯರ್ ಕ್ಯೂರಿ.

ನಿಯಮವನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ. ಆರು ಕಡೆಯಿಂದ ಸಯನೈಡ್ ಸುತ್ತುವರಿದ ಲೋಹದಲ್ಲಿ ಐದು ಡಿ-ಕಕ್ಷಕಗಳು, ಅಂದರೆ ಈ ಎಲೆಕ್ಟ್ರಾನ್‌ಗಳು ಹರಡಿರುವ ಜಾಗಗಳು, ಎರಡು ಗುಂಪಾಗುತ್ತವೆ. ಮೂರು ಕಕ್ಷಕಗಳು ಸಯನೈಡ್‌ಗಳ ನಡುವಿನ ಸಂದುಗಳತ್ತ ಚಾಚಿರುತ್ತವೆ. ಇವನ್ನು ‘ಟಿ’ ಗುಂಪು ಎನ್ನುವುದು ರೂಢಿ. ಉಳಿದೆರಡು ನೇರವಾಗಿ ಸಯನೈಡ್ ಕಡೆಗೇ ಚಾಚಿರುತ್ತವೆ. ಇವು ‘ಇ’ ಗುಂಪು. ಇಂಗಾಲದ ತುದಿಯಲ್ಲಿ ಕ್ರೋಮಿಯಂ ಇಟ್ಟರೆ ಅದರ ಮೂರು ಒಂಟಿ ಎಲೆಕ್ಟ್ರಾನ್‌ಗಳು ಟಿ ಗುಂಪಿನಲ್ಲಿರುತ್ತವೆ, ಸಯನೈಡ್‌ನ ಪೈ ಕಕ್ಷಕಗಳೊಡನೆ ಬೆರೆತು ಸೇತುವೆಯ ಉದ್ದಕ್ಕೂ ಹರಡುತ್ತವೆ. ಇನ್ನು ಆಚೆ ತುದಿಯ ಲೋಹ. ಅದರ ಒಂಟಿ ಎಲೆಕ್ಟ್ರಾನ್‌ಗಳೂ ಟಿ ಗುಂಪಿನಲ್ಲಿದ್ದರೆ ಎರಡು ಕಡೆಯ ಕಕ್ಷಕಗಳು ಒಂದರ ಮೇಲೊಂದು ಹಾಯುತ್ತವೆ; ಒಂದೇ ಜಾಗ ಹಂಚಿಕೊಳ್ಳುವ ಎಲೆಕ್ಟ್ರಾನ್‌ಗಳ ಸ್ಪಿನ್ ಪೌಲಿಯ ನಿಯಮದಂತೆ ಪರಸ್ಪರ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಆಚೆಯವು ಇ ಗುಂಪಿನಲ್ಲಿದ್ದರೆ ಕಕ್ಷಕಗಳು ಹಾಯುವುದೇ ಇಲ್ಲ. ಆಗ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುತ್ತವೆ. ಸ್ಪಿನ್‌ಗಳು ಒಂದೇ ದಿಕ್ಕಿಗೋ ವಿರುದ್ಧ ದಿಕ್ಕಿಗೋ ಎಂಬುದನ್ನು ಹೀಗೆ ಲೋಹದ ಎಲೆಕ್ಟ್ರಾನ್ ಎಣಿಸಿಯೇ ಹೇಳಿಬಿಡಬಹುದು.

ಮೊದಲ ಪರೀಕ್ಷೆಗೆ ನಿಕಲ್ ಬಂತು. ಅದರ ಎರಡು ಒಂಟಿ ಎಲೆಕ್ಟ್ರಾನ್‌ಗಳೂ ಇ ಗುಂಪಿನವು. ಕ್ರೋಮಿಯಂ ಜೊತೆ ಇದ್ದರೆ ಎಲ್ಲ ಸ್ಪಿನ್‌ಗಳೂ ಒಂದೇ ದಿಕ್ಕಿಗೆ ನಿಲ್ಲಬೇಕೆಂದು ನಿಯಮ ಹೇಳಿತು. 1992ರಲ್ಲಿ ಪ್ರಕಟವಾದ ಸೀಸಿಯಂ-ನಿಕಲ್-ಕ್ರೋಮಿಯಂ ಸಯನೈಡ್ ಹಾಗೆಯೇ ನಡೆದುಕೊಂಡಿತು: 90 ಕೆಲ್ವಿನ್‌ವರೆಗೆ ಅಪ್ಪಟ ಫೆರೋಮ್ಯಾಗ್ನೆಟ್. ದ್ರವ ಸಾರಜನಕದಲ್ಲಿ ಅದ್ದಿದರೆ ಸಾಕು, ಕಾಂತ ಸಿದ್ಧ.

ಇನ್ನೂ ಮೇಲೇರಲು ವಿಚಿತ್ರವಾದ ದಾರಿ ಹಿಡಿಯಬೇಕಾಯಿತು. ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುವ ನಂಟಿಗಿಂತ ವಿರುದ್ಧ ದಿಕ್ಕಿಗೆ ನಿಲ್ಲುವ ನಂಟು ಸಾಮಾನ್ಯವಾಗಿ ಬಿಗಿ. ವಿರುದ್ಧ ನಿಂತರೆ ಎಲ್ಲ ಅಳಿಸಿಹೋಗುವುದಿಲ್ಲವೇ ಎಂದು ಕೇಳಬಹುದು. ಹಗ್ಗಜಗ್ಗಾಟದಲ್ಲಿ ಒಂದು ಕಡೆ ಒಬ್ಬ ಹೆಚ್ಚಿದ್ದರೆ ಹಗ್ಗ ಅತ್ತ ಸರಿಯುತ್ತದಲ್ಲ, ಹಾಗೆ ಎರಡು ಲೋಹಗಳ ಸ್ಪಿನ್ ಅಸಮವಾಗಿದ್ದರೆ ವ್ಯತ್ಯಾಸದಷ್ಟು ಕಾಂತಗುಣ ಉಳಿಯುತ್ತದೆ. ಇಂಥವೇ ಫೆರಿಮ್ಯಾಗ್ನೆಟ್‌ಗಳು, ಮ್ಯಾಗ್ನಟೈಟ್ ಕಲ್ಲು ಕೂಡ ಇದೇ ಜಾತಿ. ಹಾಗಾದರೆ ಬೇಕಾದದ್ದು ಟಿ ಗುಂಪಿನಲ್ಲಷ್ಟೇ ಒಂಟಿ ಎಲೆಕ್ಟ್ರಾನ್ ಇರುವ ಲೋಹ. ಮ್ಯಾಂಗನೀಸ್‌ನಲ್ಲಿ ಟಿ ಗುಂಪಿನವು ಮೂರು, ಇ ಗುಂಪಿನವು ಎರಡು. ಕ್ರೋಮಿಯಂನ ಮೂರು ಎಲೆಕ್ಟ್ರಾನ್‌ಗಳೊಡನೆ ಒಂದೊಂದನ್ನೂ ಜೋಡಿಸಿ ಎಣಿಸಿದರೆ, ಟಿ ಗುಂಪಿನ ಒಂಬತ್ತು ದಾರಿಗಳು ವಿರುದ್ಧ ದಿಕ್ಕಿಗೆ ಎಳೆದರೆ ಇ ಗುಂಪಿನ ಆರು ದಾರಿಗಳು ಅದನ್ನು ಹಿಂದಕ್ಕೆ ಜಗ್ಗುತ್ತವೆ. ಎರಡು ಧನ ಆವೇಶದ ವೆನೇಡಿಯಂನಲ್ಲಿ ಮೂರು ಒಂಟಿ ಎಲೆಕ್ಟ್ರಾನ್, ಮೂರೂ ಟಿ ಗುಂಪಿನಲ್ಲಿ. ಒಂಬತ್ತು ದಾರಿಗಳೂ ಒಂದೇ ಕೆಲಸಕ್ಕೆ. ಮೇಲಾಗಿ ಆವರ್ತ ಕೋಷ್ಟಕದಲ್ಲಿ ಎಡಕ್ಕೆ ಸರಿದಷ್ಟೂ ಡಿ-ಕಕ್ಷಕಗಳು ಹರಡಿಕೊಳ್ಳುತ್ತವೆ, ಸಯನೈಡ್‌ನೊಡನೆ ಇನ್ನಷ್ಟು ಬೆರೆಯುತ್ತವೆ.

1993ರಲ್ಲಿ ಎರಡು ಬಗೆಯ ಕ್ರೋಮಿಯಂ ಇಟ್ಟು ಮಾಡಿದ ಸಂಯುಕ್ತ 240 ಕೆಲ್ವಿನ್ ಮುಟ್ಟಿತು, ಅಂದರೆ ಮೈನಸ್ 33 ಡಿಗ್ರಿ. 1995ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫೆರ್ಲೆ, ಮಲ್ಲಾ, ವೆರ್ದಗೇರ್ ಮತ್ತಿತರರ ವರದಿ ಬಂತು: ವೆನೇಡಿಯಂ-ಕ್ರೋಮಿಯಂ ಸಯನೈಡ್, ಕ್ಯೂರಿ ತಾಪ 315 ಕೆಲ್ವಿನ್. 42 ಡಿಗ್ರಿ ಸೆಲ್ಸಿಯಸ್. ಪ್ಯಾರಿಸ್ಸಿನ ಕೋಣೆಯಲ್ಲಿ ವರ್ಷವಿಡೀ ಕಾಂತವಾಗಿರುವ ವಸ್ತು. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲಿಟ್ಟರೂ ಕೆಲವು ದಿನ ಕೈಕೊಟ್ಟೀತು. ಗಾಳಿ ತಾಗಿದರೆ ವೆನೇಡಿಯಂ ಕೆಡುವುದರಿಂದ ಅದನ್ನು ಮುಚ್ಚಿದ ಗಾಜಿನ ಕೊಳವೆಯಲ್ಲಿಡಬೇಕು. ಅಂಥ ಕೊಳವೆಯನ್ನು ಲೋಲಕದಂತೆ ತೂಗಿಬಿಟ್ಟು, ಇನ್ನೊಂದು ಕಾಂತದ ಬಳಿ ದೀಪದ ಬೆಳಕು ಹಾಯಿಸಿ ಪ್ಯಾರಿಸ್ಸಿನವರು ಪ್ರಾತ್ಯಕ್ಷಿಕೆ ತೋರಿಸುತ್ತಿದ್ದರು: ಬಿಸಿಯಾದಾಗ ಕಾಂತದಿಂದ ಬಿಡಿಸಿಕೊಂಡು ಬೀಳುತ್ತದೆ, ತಣಿದಾಗ ಮತ್ತೆ ಸೆಳೆಯಲ್ಪಡುತ್ತದೆ. ಕ್ಯೂರಿ ತಾಪ ಕೋಣೆಯ ಬಿಸಿಗೆ ಇಷ್ಟು ಹತ್ತಿರ ಇರುವುದರಿಂದಲೇ ಈ ಆಟ ಸಾಧ್ಯ.

ಈ ಸಂಯುಕ್ತದ ಸೂತ್ರವನ್ನು ಲೆಕ್ಕ ಮಾಡಿ ನೋಡುವುದು ಒಳ್ಳೆಯ ಅಭ್ಯಾಸ. ಒಂದು ವೆನೇಡಿಯಂಗೆ 0.86 ಕ್ರೋಮಿಯಂ ಗುಂಪು. ವೆನೇಡಿಯಂನಲ್ಲಿ 0.42 ಭಾಗಕ್ಕೆ ಎರಡು ಧನ ಆವೇಶ, ಮೂರು ಒಂಟಿ ಎಲೆಕ್ಟ್ರಾನ್, 0.58 ಭಾಗಕ್ಕೆ ಮೂರು ಧನ ಆವೇಶ, ಎರಡು ಒಂಟಿ ಎಲೆಕ್ಟ್ರಾನ್. ಒಟ್ಟು 2.42. ಎದುರು ಬದಿಯಲ್ಲಿ ಕ್ರೋಮಿಯಂನ ಮೂರರಂತೆ 2.58. ವ್ಯತ್ಯಾಸ 0.16. ಅಳತೆಯಲ್ಲಿ ಸಿಕ್ಕದ್ದು 0.15. ಐದು ಎಲೆಕ್ಟ್ರಾನ್‌ಗಳಷ್ಟು ಕಾಂತಗುಣ ಪರಸ್ಪರ ಎದುರುಬದುರಾಗಿ ನಿಂತು ಉಳಿದದ್ದು ಇಷ್ಟೇ. ಬಿಸಿ ತಾಳುವ ಶಕ್ತಿಗಾಗಿ ಕಾಂತದ ಬಲವನ್ನು ಬಿಟ್ಟುಕೊಟ್ಟಂತಾಯಿತು.

ಇಲ್ಲೇ ಖಾಲಿ ಜಾಗಗಳ ಮಹತ್ವ ತಿಳಿಯುವುದು. ಜಾಲರಿಯಲ್ಲಿ ಖಾಲಿ ಇದ್ದಷ್ಟೂ ಪ್ರತಿ ವೆನೇಡಿಯಂಗೆ ಕ್ರೋಮಿಯಂ ನೆರೆಯವರು ಕಡಿಮೆ, ಕ್ಯೂರಿ ತಾಪ ಇಳಿಯುತ್ತದೆ. ಹಾಗೆಂದು ಎಲ್ಲ ತುಂಬಿ, ಎರಡು ಆವೇಶದ ವೆನೇಡಿಯಂ ಮತ್ತು ಕ್ರೋಮಿಯಂ ಒಂದಕ್ಕೊಂದು ಸಮನಾಗಿ ಕೂತರೆ ಮೂರಕ್ಕೆ ಮೂರು ಹೋಗಿ ಉಳಿಯುವುದು ಸೊನ್ನೆ. 1999ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೋಮ್ಸ್ ಮತ್ತು ಜಿರೊಲಾಮಿ ಪೊಳ್ಳುಗಳಲ್ಲಿ ಪೊಟ್ಯಾಷಿಯಂ ಕೂರಿಸಿ, ಆವೇಶದ ಲೆಕ್ಕ ಸರಿಪಡಿಸಿ, ಖಾಲಿ ಜಾಗಗಳನ್ನು ತಗ್ಗಿಸಿದರು. ಕ್ಯೂರಿ ತಾಪ 376 ಕೆಲ್ವಿನ್‌ಗೆ, ಅಂದರೆ 103 ಡಿಗ್ರಿ ಸೆಲ್ಸಿಯಸ್‌ಗೆ ಹೋಯಿತು. ತಾಪ ಬೇಕೆಂದರೆ ಜಾಲರಿ ತುಂಬಬೇಕು, ಬಲ ಬೇಕೆಂದರೆ ಅಸಮತೆ ಉಳಿಯಬೇಕು; ಎರಡನ್ನೂ ಪೂರ್ತಿ ಪಡೆಯುವ ದಾರಿ ಈ ಜೋಡಿಯಲ್ಲಿಲ್ಲ.

ಬೆಳಕಿನಿಂದ ಕಾಂತವನ್ನು ಏಳಿಸುವ ಪ್ರಯೋಗದಲ್ಲಿ ಇದೇ ಖಾಲಿ ಜಾಗಗಳು ನೆರವಿಗೆ ಬಂದವು. 1996ರಲ್ಲಿ ಟೋಕಿಯೊದ ಸಾಟೊ, ಹಾಶಿಮೊಟೊ, ಫುಜಿಶಿಮಾ ಮತ್ತಿತರರು ಕೋಬಾಲ್ಟ್-ಕಬ್ಬಿಣ ಸಯನೈಡನ್ನು 5 ಕೆಲ್ವಿನ್‌ಗೆ ತಣಿಸಿ ಕೆಂಪು ಬೆಳಕು ಬಿಟ್ಟರು. ಒಂಟಿ ಎಲೆಕ್ಟ್ರಾನ್ ಇಲ್ಲದೆ ಮೌನವಾಗಿದ್ದ ಕಬ್ಬಿಣ-ಕೋಬಾಲ್ಟ್ ಜೋಡಿಗಳಲ್ಲಿ ಕಬ್ಬಿಣದ ಎಲೆಕ್ಟ್ರಾನ್ ಕೋಬಾಲ್ಟ್‌ಗೆ ದಾಟಿತು. ಕಬ್ಬಿಣಕ್ಕೆ ಒಂದು, ಕೋಬಾಲ್ಟ್‌ಗೆ ಮೂರು ಒಂಟಿ ಎಲೆಕ್ಟ್ರಾನ್ ಬಂದವು. ಕ್ಯೂರಿ ತಾಪ 16ರಿಂದ 19 ಕೆಲ್ವಿನ್‌ಗೆ ಏರಿ ಕಾಂತಗುಣ ಹೆಚ್ಚಿತು. ನೀಲಿ ಬೆಳಕು ಬಿಟ್ಟಾಗ ಮತ್ತೆ ತಗ್ಗಿತು. ಎಲೆಕ್ಟ್ರಾನ್ ಪಡೆದ ಕೋಬಾಲ್ಟ್ ದಪ್ಪವಾಗುತ್ತದೆ. ಸಾರಜನಕದೊಂದಿಗಿನ ಅದರ ಬಂಧ ಸುಮಾರು 0.2 ಆಂಗ್‌ಸ್ಟ್ರಾಮ್ ಉದ್ದವಾಗುತ್ತದೆ. ಒಂದೂ ಖಾಲಿ ಇಲ್ಲದ ಬಿಗಿ ಜಾಲರಿ ಈ ಹಿಗ್ಗನ್ನು ತಾಳದು. ಅಲ್ಲಲ್ಲಿ ಖಾಲಿ ಇದ್ದು ನೀರು ತುಂಬಿದ್ದರೆ ಮಾತ್ರ ಹಿಗ್ಗಲು ಅವಕಾಶ.

ಪೊಳ್ಳುಗಳಿಗೆ ಕಾಂತದಾಚೆಯೂ ಕೆಲಸವಿದೆ. ನಿಕಲ್ ಕಾಂತದಲ್ಲಿ ಸೀಸಿಯಂ ಹೋಗಿ ಕೂರುವ ಜಾಗಕ್ಕೇ ವಿಕಿರಣಶೀಲ ಸೀಸಿಯಂ ಕೂಡ ಸರಿಹೊಂದುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಗುಜರಿ ಸೇರಿದ ವಿಕಿರಣ ಯಂತ್ರದಿಂದ ಸೀಸಿಯಂ-137 ಹೊರಬಿದ್ದಾಗ, ಸಿಕ್ಕಿಬಿದ್ದವರಿಗೆ ಪ್ರಶ್ಯನ್ ನೀಲಿಯನ್ನೇ ಮಾತ್ರೆಯಾಗಿ ನುಂಗಿಸಲಾಯಿತು. ಕರುಳಿನಲ್ಲಿ ಅದು ಸೀಸಿಯಂ ಹಿಡಿದು ಹೊರಸಾಗಿಸುತ್ತದೆ. ಸಯನೈಡ್ ಹೆಸರು ಕೇಳಿ ಹೆದರುವವರು ಗಮನಿಸಬೇಕು: ಕಬ್ಬಿಣ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದೆಯೆಂದರೆ ವಿಷವಾಗಿ ಬಿಡುಗಡೆಯಾಗುವುದು ನಗಣ್ಯ. ಸೋಡಿಯಂ ಬ್ಯಾಟರಿಗಳಲ್ಲೂ ಇದೇ ಪೊಳ್ಳುಗಳು ಸೋಡಿಯಂ ಓಡಾಡುವ ದಾರಿ. ಚೀನಾದ ಸಿಎಟಿಎಲ್ ಕಂಪನಿ 2021ರಲ್ಲಿ ಘೋಷಿಸಿದ ಬ್ಯಾಟರಿಯಲ್ಲಿ ಬಳಸಿದ್ದು ಈ ಬಳಗದ ಬಿಳಿ ಸದಸ್ಯನನ್ನು.

ಹಾಗಾದರೆ ಮೋಟಾರಿಗೆ, ಸ್ಪೀಕರಿಗೆ ಸಯನೈಡ್ ಕಾಂತ ಬರುತ್ತದೆಯೇ? ಆ ನಿರೀಕ್ಷೆ ಬೇಡ. ನಿಯೋಡಿಮಿಯಂ ಕಾಂತದ ಬಲದ ಮುಂದೆ ಇವು ಲೆಕ್ಕಕ್ಕಿಲ್ಲ. ಲೋಹದ ಪರಮಾಣುಗಳು ಇಲ್ಲಿ ದೂರ ದೂರ, ನಡುವೆ ಸಯನೈಡ್, ನೀರು, ಪೊಳ್ಳು. ಸ್ಪಿನ್‌ಗಳಲ್ಲಿ ಬಹುಪಾಲು ಪರಸ್ಪರ ಕಳೆದುಹೋಗುತ್ತವೆ. ಈ ಬಳಗ ಗೆದ್ದದ್ದು ಬೇರೆ ವಾದದಲ್ಲಿ. ಲೋಹವನ್ನು ಕುಲುಮೆಯಲ್ಲಿ ಕರಗಿಸದೆ, ನೀರಿನಲ್ಲಿ ಲವಣ ಬೆರೆಸಿ, ಬೇಕಾದ ಕಾಂತಗುಣವನ್ನು ಮೊದಲೇ ಹೇಳಿ ಪಡೆಯಬಹುದೆಂದು ಅದು ಸಾಧಿಸಿ ತೋರಿಸಿತು. ಕಾಂತಗುಣ ಲೋಹದ ಸ್ವಭಾವದಷ್ಟೇ ಜೋಡಣೆಯ ಫಲವೂ ಹೌದೆಂಬುದಕ್ಕೆ ಅದೇ ಕ್ರೋಮಿಯಂ ಸಾಕ್ಷಿ. ಲೋಹವಾಗಿ ಇದ್ದಾಗ ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ.

ಜೋಡಣೆಯೇ ಮುಖ್ಯವಾದರೆ ಸೇತುವೆಯನ್ನೂ ಬದಲಿಸಿ ನೋಡಬೇಕಲ್ಲ? ಸಯನೈಡ್ ಸ್ಪಿನ್‌ನ ಸುದ್ದಿ ದಾಟಿಸುತ್ತದೆ, ತಾನು ಒಂಟಿ ಎಲೆಕ್ಟ್ರಾನ್ ಹೊತ್ತಿರುವುದಿಲ್ಲ. 2020ರಲ್ಲಿ ಫ್ರಾನ್ಸಿನ ಬೋರ್ಡೊದ ರೊಡಾಲ್ಫ್ ಕ್ಲೆರಾಕ್ ತಂಡ ಕ್ರೋಮಿಯಂಗಳ ನಡುವೆ ಪೈರಝೀನ್ ಎಂಬ ಉಂಗುರಾಕಾರದ ಅಣುವನ್ನಿಟ್ಟು, ಅದಕ್ಕೆ ಹೆಚ್ಚುವರಿ ಎಲೆಕ್ಟ್ರಾನ್ ಕೊಟ್ಟು, ಸೇತುವೆಗೂ ಸ್ಪಿನ್ ಬರುವಂತೆ ಮಾಡಿತು. ಆ ಸಂಯುಕ್ತದ ಕ್ಯೂರಿ ತಾಪ 515 ಕೆಲ್ವಿನ್, 242 ಡಿಗ್ರಿ ಸೆಲ್ಸಿಯಸ್. ಲೋಹದಿಂದ ಲೋಹಕ್ಕೆ ಎರಡು ಕಡ್ಡಿ ದಾಟಬೇಕಿದ್ದ ಕಾಲದಿಂದ, ಕಡ್ಡಿಯೇ ಕಾಂತವಾದ ಕಾಲದವರೆಗೆ ಕೇಳಿದ ಪ್ರಶ್ನೆ ಒಂದೇ: ಪಕ್ಕದ ಎಲೆಕ್ಟ್ರಾನ್ ಎಲ್ಲಿದೆ, ಎತ್ತ ಚಾಚಿದೆ? ಇದಕ್ಕೆ ಸರಿಯಾದ ಉತ್ತರ ಕೊಡುವ ಮುಂದಿನ ಸೇತುವೆ ಯಾವುದೆಂದು ಹುಡುಕುವವರಿಗೆ ಆವರ್ತ ಕೋಷ್ಟಕ ಮತ್ತು ಒಂದು ಹಾಳೆ ಕಾಗದ, ಕೆಲಸ ಶುರುಮಾಡಲು ಇಷ್ಟು ಸಾಕು.